ಸಜ್ಜಿ ರೊಟ್ಟಿ, ಮೇಲೊಂದು ಚಹಾ

ಪಕ್ಕದ ಮನೆಯ ವೈನಿ ವಿಜಯಪುರ ಕಡೆಯವರು. ಪುಣೆಯ ನೀರು ಎಷ್ಟು ಕುಡಿದರೂ ಕಂಪೌಂಡಿಗೆ ಮೊಣಕೈಯೂರಿ ನಿಂತರೆ ಮಾತು ಕನ್ನಡವೇ. ಮೊನ್ನೆ ಮಗಳ ರಕ್ತದ ರಿಪೋರ್ಟು ಹಿಡಿದುಕೊಂಡೇ ಬಂದಿದ್ದರು. "ಹಿಮೋಗ್ಲೋಬಿನ್ ಒಂಬತ್ತ್ ಐತಂತ್ರಿ. ತುಪ್ಪ ಹಚ್ಚಿದ ಚಪಾತಿ ತಿಂತಾಳ. ಏನ್ ಕಮ್ಮಿ ಮಾಡೀವಿ?"

"ಸಜ್ಜಿ ರೊಟ್ಟಿ ಕಮ್ಮಿ ಮಾಡೀರಿ," ಎಂದೆ.

ಊರಲ್ಲಿ ಚಳಿಗಾಲವಿಡೀ ಬಡಿಯುತ್ತಿದ್ದ ರೊಟ್ಟಿ ಇಲ್ಲಿ ಭೋಗಿಯ ದಿನ ಎಳ್ಳು ಹಚ್ಚಿಸಿಕೊಂಡು ದರ್ಶನ ಕೊಟ್ಟರೆ ಮತ್ತೆ ಮುಂದಿನ ವರ್ಷವೇ. ವೈನಿಯನ್ನೂ ಬೈಯುವಂತಿಲ್ಲ. ಸಜ್ಜಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಹಿಟ್ಟು ಕೆಲವೇ ದಿನಕ್ಕೆ ಕಹಿ. ಅರ್ಧ ಕಿಲೋ ಬೀಸಿಸಲು ಯಾರು ಗಿರಣಿಗೆ ಓಡುತ್ತಾರೆ?

ಇದೇ ಮಹಾರಾಷ್ಟ್ರದಲ್ಲಿ 2012ರಲ್ಲಿ 'ಧನಶಕ್ತಿ' ಎಂಬ ಸಜ್ಜಿ ತಳಿ ಬಂತು. ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ರಾಹುರಿಯ ಕೃಷಿ ವಿದ್ಯಾಪೀಠ ಸೇರಿ ತಂದದ್ದು. ಕಿಲೋ ಕಾಳಿಗೆ ಸುಮಾರು 71 ಮಿಲಿಗ್ರಾಂ ಕಬ್ಬಿಣ, 40 ಮಿಲಿಗ್ರಾಂ ಸತು. ಹಿಟ್ಟಿಗೆ ಪುಡಿ ಬೆರೆಸುವ ಕತೆಯಲ್ಲ. ಹಳೆಯ ತಳಿಯಲ್ಲೇ ಕಬ್ಬಿಣ ಹೆಚ್ಚಿರುವ ಗಿಡಗಳನ್ನು ಆರಿಸಿ ಆರಿಸಿ ಬೆಳೆಸಿದ್ದು.

ವೈನಿ ಸುಮ್ಮನೆ ತಲೆಯಾಡಿಸುವವರಲ್ಲ. "ಕಾಳಿನ್ಯಾಗ ಇದ್ರ ಆತೇನ್ರಿ? ಮೈಗೆ ಹತ್ತಬೇಕಲ್ಲ?"

ಪ್ರಶ್ನೆ ಎಂದರೆ ಇದು. ಉತ್ತರ ಅವರ ಕಡೆಯಿಂದಲೇ ಬಂದಿದೆ. ಬೆಳಗಾವಿಯ ಮೆಡಿಕಲ್ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ ಎರಡು ವರ್ಷದ ಮಕ್ಕಳಿಗೆ ಇಂಥ ಸಜ್ಜಿ ಉಣಿಸಿ ನೋಡಿದರು. ಸಾದಾ ಸಜ್ಜಿ ತಿಂದವರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಕಬ್ಬಿಣ ಮೈಗೆ ಹತ್ತಿತ್ತು. ಅದು 2013ರಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಆಗಿನ ಅಹಮದ್‌ನಗರ ಜಿಲ್ಲೆಯ ಶಾಲಾ ಮಕ್ಕಳ ವರದಿ ಬಂತು. ಅವರಿಗೆ ಇಂಥದೇ ಸಜ್ಜಿಯ ಭಾಕರಿ, ಸೇವು ಕೊಟ್ಟಿದ್ದರು. ಅಲ್ಲೂ ಮೈಯಲ್ಲಿನ ಕಬ್ಬಿಣದ ದಾಸ್ತಾನು ಏರಿತ್ತು.

"ಹಂಗಾರ ಎಲ್ಲಿ ಸಿಗತೈತಿ, ಹೇಳ್ರಿ."

ಇಲ್ಲಿ ನನ್ನ ಬಾಯಿ ಕಟ್ಟಿತು. ಅಂಗಡಿಯಲ್ಲಿ ಧನಶಕ್ತಿ ಕೇಳಿದರೆ ಸೇಟು ಟಾನಿಕ್ ಕೇಳಿದವನನ್ನು ನೋಡಿದ ಹಾಗೆ ನೋಡಿ, "ಬಾಜರಿ ಮ್ಹಣಜೇ ಬಾಜರಿ" (ಸಜ್ಜಿ ಅಂದರೆ ಸಜ್ಜಿ) ಎಂದು ತೂಗಿಬಿಟ್ಟಿದ್ದ. ಆಫ್ರಿಕಾದ ಕಿತ್ತಳೆ ಬಣ್ಣದ ಗೆಣಸಿನಲ್ಲಿ ಎ ಜೀವಸತ್ವ ಇರುವುದು ಬಣ್ಣದಲ್ಲೇ ಕಾಣುತ್ತದೆ, ಕಬ್ಬಿಣಕ್ಕೆ ಬಣ್ಣವಿಲ್ಲ. ನಮ್ಮ ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರೂ ಸತು, ಕಬ್ಬಿಣ ಹೆಚ್ಚಿರುವ ಗೋಧಿ ತಂದಿದ್ದಾರೆ. ಹೆಸರು ಎಂಎಸಿಎಸ್ 4028, ಥೇಟ್ ರೈಲುಗಾಡಿ ನಂಬರು! ಶಾವಿಗೆ, ರವೆಗೆ ಒಳ್ಳೆಯದು, ಆದರೆ ಆ ನಂಬರು ಹೇಳಿ ರವೆ ಕೊಳ್ಳುವವರುಂಟೇ?

ಹೊಸ ಸಜ್ಜಿ ತಳಿಗೆ ಒಪ್ಪಿಗೆ ಬೇಕಾದರೆ ಕಿಲೋಗೆ 42 ಮಿಲಿಗ್ರಾಂ ಕಬ್ಬಿಣ ಇರಲೇಬೇಕೆಂದು 2018ರಲ್ಲಿ ನಿಯಮವಾಯಿತು. ಒಳ್ಳೆಯದೇ. ಆದರೆ ಚೀಲಗಳೆಲ್ಲ ಒಂದೇ ರಾಶಿಗೆ ಬೀಳುವಾಗ ಹೆಚ್ಚಿನ ಕಬ್ಬಿಣ ಬೆಳೆದ ರೈತನಿಗೆ ಹೆಚ್ಚಿನ ದುಡ್ಡಿಲ್ಲ. ರೇಷನ್ ಅಂಗಡಿ, ಅಂಗನವಾಡಿಗೆ ಸರ್ಕಾರವೇ ಬೇರೆಯಾಗಿ ಕೊಳ್ಳದ ಹೊರತು ಇದು ಬಡವರ ಗಂಗಾಳ ಮುಟ್ಟುವುದಿಲ್ಲ, ಬರೆದಿಟ್ಟುಕೊಳ್ಳಿ.

"ಇರ್ಲಿ, ಸಾದಾ ಸಜ್ಜೀನ ತರ್ತೀನಿ. ರೊಟ್ಟಿ ತಿಂದ ಮ್ಯಾಲೆ ಬಿಸಿಬಿಸಿ ಚಾ..."

ಅಲ್ಲಿಗೇ ತಡೆದೆ. ಪುಣೆಯ ಅಮೃತತುಲ್ಯ ಚಹಾ ಅಮೃತವೇ ಇರಬಹುದು, ಆದರೆ ಊಟದ ಬೆನ್ನಿಗೇ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಹಿಮೋಗ್ಲೋಬಿನ್ ಒಂಬತ್ತಕ್ಕಿಳಿದವರು ಡಾಕ್ಟರ್ ಬರೆದ ಗುಳಿಗೆಯನ್ನೂ ತಪ್ಪಿಸಬಾರದು. ನೀವೂ ಅಷ್ಟೇ: ಪಲ್ಯಕ್ಕೆ ಲಿಂಬೆ ಹಿಂಡಿಕೊಳ್ಳಿ, ಚಹಾ ಒಂದು ತಾಸು ತಡೆದು ಕುಡಿಯಿರಿ.