ಕಾವು, ಕಾವಲು

ಬೆಳಗಾವಿಯ ಕ್ಯಾಂಪಿನಲ್ಲಿ ಕಾವಲಿಗೆ ಬರವಿಲ್ಲ. 1832ರಲ್ಲಿ ದಂಡು ಬಂದು ನೆಲೆಯೂರಿದ ಜಾಗ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರು. ಗೇಟಿಗೊಬ್ಬ ಸಂತ್ರಿ. ಆದರೆ ಆ ಸಂತ್ರಿಗೂ ಹೊತ್ತಿಗೆ ಸರಿಯಾಗಿ ಬದಲಿ ಬರುತ್ತಾನೆ. ಬದಲಿಯಿಲ್ಲದೆ, ರಜೆ ಕೇಳದೆ, 21 ದಿನ ಒಂದೇ ಜಾಗದಲ್ಲಿ ಕೂತು ಪಹರೆ ಮಾಡಿದವಳು ಈ ಓಣಿಯಲ್ಲಿ ಒಬ್ಬಳೇ. ಅದೂ ನಿವೃತ್ತ ಸುಬೇದಾರರೊಬ್ಬರ ಕಪ್ಪು ಟ್ರಂಕಿನೊಳಗೆ.

ಅವಳು ಸಿಲ್ಕಿ ಕೋಳಿ. ಬೆಂಗಳೂರಿನಿಂದ ಮಗ ತಂದುಕೊಟ್ಟಾಗ ನೆರೆಮನೆಯ ಹುಡುಗ ಬಗ್ಗಿ ನೋಡಿ, “ಕಾಕಾ, ಇದು ಪಮೇರಿಯನ್ ಹೌದಲ್ರಿ? ಮತ್ತ ಇನ್ನೆರಡು ಕಾಲು ಎಲ್ಲಿ ಹೋದುವು?” ಎಂದಿದ್ದ. ತಪ್ಪು ಅವನದಲ್ಲ. ಸಾಮಾನ್ಯ ಕೋಳಿಯ ಪುಕ್ಕದಲ್ಲಿ ಎಳೆಗೆ ಎಳೆ ಹೆಣೆದಿಡುವ ಸಣ್ಣ ಕೊಕ್ಕೆಗಳಿರುತ್ತವೆ. ಸಿಲ್ಕಿಗೆ ಅವು ಸರಿಯಾಗಿ ಬೆಳೆಯುವುದಿಲ್ಲವಾದ್ದರಿಂದ ಮೈತುಂಬ ಹಿಂಜಿದ ಅರಳೆ. ಅರಳೆಯ ಕೆಳಗೆ ಕಪ್ಪು ಚರ್ಮ, ಅದರ ಕೆಳಗೆ ಕಪ್ಪು ಎಲುಬು, ಕಿವಿಯ ಹತ್ತಿರ ನೀಲಿ ಮಚ್ಚೆ, ಕಾಲಿಗೆ ನಾಲ್ಕರ ಬದಲು ಐದು ಬೆರಳು. ಚೀನಾ ಸುತ್ತಿದ ಮಾರ್ಕೊ ಪೋಲೊ ಕೂಡ 13ನೇ ಶತಮಾನದಲ್ಲಿ ಇಂಥ ಕೋಳಿಯ ಸುದ್ದಿ ಹೇಳುವಾಗ ಬೆಕ್ಕಿನ ಕೂದಲನ್ನೇ ನೆನೆದ. ಹುಡುಗ ನಾಯಿಯನ್ನು ನೆನೆದ, ಅಷ್ಟೇ.

ತಲೆಯ ಜುಟ್ಟು ಕಣ್ಣಿಗಿಳಿದು ದಾರಿ ಕಾಣದೆ ಕೋಳಿ ಗೋಡೆಗೆ ಹಾಯುತ್ತಿದ್ದುದನ್ನು ನೋಡಿ ಸುಬೇದಾರರು ತಮ್ಮ ಮೀಸೆಯ ಕತ್ತರಿಯಿಂದಲೇ ಅದಕ್ಕೊಂದು ಮಿಲಿಟರಿ ಕಟಿಂಗ್ ಮಾಡಿದರು. ಅಲ್ಲಿಗೆ ಅದು ತಮ್ಮ ಹುಕುಮಿಗೆ ಬಂತು ಎಂದುಕೊಂಡರು.

ಜನವರಿ ಮೊದಲ ವಾರದಲ್ಲಿ ಅದು ತತ್ತಿ ಇಡುವುದನ್ನು ನಿಲ್ಲಿಸಿತು. ಬಾಯಿ ತೆರೆದಿದ್ದ ಟ್ರಂಕಿಗೆ ಇಳಿದು, ಹಳೆಯ ಹಸಿರು ಜೆರ್ಸಿಯ ಮೇಲೆ ಚಪ್ಪಟೆಯಾಗಿ ಹರಡಿಕೊಂಡು, ಹತ್ತಿರ ಹೋದವರಿಗೆಲ್ಲ ಉಬ್ಬಿ ಗುರುಗುಟ್ಟಿತು. ಎತ್ತಿ ನೋಡಿದರೆ ಅಡಿಯಲ್ಲಿ ಒಂದು ಲಿಂಬೆಹಣ್ಣು ಮತ್ತು ಬೂಟ್ ಪಾಲಿಶ್ ಡಬ್ಬಿ.

“ಜ್ವರ ಬಂದೈತೇನ?” ಎಂದರು ಸುಬೇದಾರರು, ಹೊಟ್ಟೆ ಮುಟ್ಟಿ.

“ಜ್ವರ ಅಲ್ರಿ, ಕಾವಿಗೆ ಕುಂತೈತಿ,” ಎಂದರು ಖಾನಾಪುರ ತವರಿನ ಅವರ ಮನೆಯವರು, ಒಲೆ ಬಿಟ್ಟು ಏಳದೆ. ಹಿತ್ತಲ ಬೇಲಿಯಾಚೆಯ ಮರಾಠಿ ಮಾವಶಿ “ಖುಡುಕ್” ಎಂದು ತೀರ್ಪು ಕೊಟ್ಟರು. ಎದುರು ಮನೆಯ ಉರ್ದು ಮಾತಿನ ಚಾಚಾ “ಕುಡಕ್” ಎಂದರು. ಗಡಿಯ ವಿಷಯದಲ್ಲಿ ಏನೇ ಇರಲಿ, ಕೋಳಿಯ ಗೊಣಗಾಟವನ್ನು ಕೇಳಿಸಿಕೊಳ್ಳುವುದರಲ್ಲಿ ಬೆಳಗಾವಿಯ ಭಾಷೆಗಳಿಗೆ ಹೆಚ್ಚು ತಕರಾರಿಲ್ಲ.

ಕಾವಿಗೆ ಕೂರಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದು ಏರಿದಾಗ ತತ್ತಿ ನಿಲ್ಲುತ್ತದೆ, ಹಸಿವು ಇಳಿಯುತ್ತದೆ, ಎದೆಯ ಪುಕ್ಕ ಉದುರಿ ಬೆತ್ತಲೆ ಚರ್ಮ ತತ್ತಿಗೆ ತಾಗುತ್ತದೆ. ಫಾರಮ್ಮಿನವರಿಗೆ ಇದು ಶುದ್ಧ ನಷ್ಟ. ತಲೆಮಾರುಗಟ್ಟಲೆ ಆಯ್ದು ಆಯ್ದು ವೈಟ್ ಲೆಗ್‌ಹಾರ್ನ್ ಕೋಳಿಯಿಂದ ಈ ಹಂಬಲವನ್ನು ಹೆಚ್ಚುಕಡಿಮೆ ಕಳೆದುಬಿಟ್ಟಿದ್ದಾರೆ. ಅದು ವರ್ಷಕ್ಕೆ ಮುನ್ನೂರರ ಹತ್ತಿರ ತತ್ತಿ ಇಡುತ್ತದೆ, ಒಂದರ ಮೇಲೂ ಕೂರುವುದಿಲ್ಲ. ಸಿಲ್ಕಿ ನೂರರ ಆಸುಪಾಸು ಇಟ್ಟು, ಉಳಿದ ಕಾಲವೆಲ್ಲ ಕೂರುವುದಕ್ಕೆ ನೆಪ ಹುಡುಕುತ್ತದೆ. ಹುಂಜವೇ ಇಲ್ಲದ ಮನೆಯಲ್ಲಿ ಇದು ಲಿಂಬೆಹಣ್ಣಿನಿಂದ ಏನನ್ನು ನಿರೀಕ್ಷಿಸಿತ್ತೋ!

ಮನೆಯವರು ಭೋಗಿಯ ದಿನ ತವರಿಗೆ ಹೋಗಿ, ಸಜ್ಜಿರೊಟ್ಟಿಯ ಗಂಟಿನ ಜೊತೆ ಏಳು ಜವಾರಿ ತತ್ತಿ ತಂದರು. ಭತ್ತದ ಊರಾದ್ದರಿಂದ ಹೊಟ್ಟಿಗೆ ಕೊರತೆಯಿಲ್ಲ. ಡಬ್ಬಿಯ ತುಂಬ ಹೊಟ್ಟು, ನಡುವೆ ತತ್ತಿ, ಡಬ್ಬಿ ಮಡಿಲಲ್ಲಿ, ಹೀಗೆ ಬಸ್ಸಿನಲ್ಲಿ ಸುಮಾರು 25 ಕಿಲೋಮೀಟರು. ಬಂದ ಕೂಡಲೇ ಕೂರಿಸಲಿಲ್ಲ. ಕುಲುಕಿದ ತತ್ತಿಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಇಟ್ಟರು. ಮರುದಿನ, ಜನವರಿ 14ರ ಸಂಕ್ರಾಂತಿಯ ರಾತ್ರಿ, ದೀಪ ಆರಿಸಿ, ಲಿಂಬೆಹಣ್ಣನ್ನು ಸರಿಸಿ, ಒಂದೊಂದಾಗಿ ಹೊಟ್ಟೆಯಡಿ ತೂರಿಸಿದರು. ಕತ್ತಲಲ್ಲಿ ಕೋಳಿ ಜಗಳ ತೆಗೆಯುವುದಿಲ್ಲ. ಕೊನೆಗೆ ಪಕ್ಕದಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ತುಂಡು. ಗುಡುಗಿಗೆ ತತ್ತಿ ಕೆಡಬಾರದಲ್ಲ!

“ಜನವರಿಯಾಗ ಎಲ್ಲಿ ಗುಡುಗ?”

“ಗುಡುಗಿಗೇನ್ ಕ್ಯಾಲೆಂಡರ್ ಐತೇನ್ರಿ?”

ಕ್ಯಾಲೆಂಡರ್ ಎಂದೊಡನೆ ಸುಬೇದಾರರ ಬೆರಳು ಲೆಕ್ಕ ಶುರುಮಾಡಿತು. 21 ದಿನ. ಬರುವುದು ಫೆಬ್ರುವರಿ 4. ಅಂದರೆ ಮರಾಠಾ ದಿವಸ. 1670ರಲ್ಲಿ ತಾನಾಜಿಯ ಪಡೆ ಸಿಂಹಗಡ ಗೆದ್ದ ನೆನಪಿಗೆ ರೆಜಿಮೆಂಟು ಆಚರಿಸುವ ದಿನ. ಮಾಜಿ ಸೈನಿಕರು ಬ್ಲೇಜರ್ ತೊಟ್ಟು, ಮೆಡಲ್ ಹಚ್ಚಿಕೊಂಡು ಕೂಡುವ ದಿನ. ಬ್ಲೇಜರ್ ಮತ್ತು ಮೆಡಲ್ ಎರಡೂ ಟ್ರಂಕಿನ ತಳದಲ್ಲಿ. ಅದರ ಮೇಲೆ ಜೆರ್ಸಿ. ಅದರ ಮೇಲೆ ತತ್ತಿ. ಅದರ ಮೇಲೆ ಅವಳು.

ಈ ಹೊತ್ತಿಗೆ ಯಾರ ಹುಕುಮು ಯಾರ ಮೇಲೆ ನಡೆಯುತ್ತಿದೆ ಎಂಬುದು ಮನೆಯವರಿಗೆ ಸ್ಪಷ್ಟವಾಗಿತ್ತು. ಸುಬೇದಾರರಿಗೆ ಇನ್ನೂ ಆಗಿರಲಿಲ್ಲ. ಅವರು ರಿಜಿಸ್ಟರ್ ಇಟ್ಟರು. ‘06:30 ಹೊರಗೆ. 06:42 ಒಳಗೆ.’ ದಿನಕ್ಕೊಮ್ಮೆ ಕೋಳಿ ತಾನಾಗಿ ಏಳದಿದ್ದರೆ ಎತ್ತಿ ಹೊರಗಿಡಬೇಕು. ಇಲ್ಲದಿದ್ದರೆ ಈ ತಳಿ ಉಪವಾಸ ಕೂತೇ ಸೊರಗುತ್ತದೆ. ಎತ್ತುವಾಗ ರೆಕ್ಕೆಯಡಿ ತತ್ತಿ ಸಿಕ್ಕಿಕೊಂಡಿದೆಯೇ ನೋಡಬೇಕು. ಆ 12 ನಿಮಿಷದಲ್ಲಿ ನುಚ್ಚು, ನೀರು, ಹೇನು ಹತ್ತದಂತೆ ಬೂದಿಯಲ್ಲಿ ಹೊರಳಾಟ. ಜೊತೆಗೆ, ಇಡೀ ದಿನ ತಡೆದಿಟ್ಟದ್ದರ ಒಂದೇ ಕಂತಿನ ವಿಸರ್ಜನೆ. ಅದರ ಗಾತ್ರ ಮತ್ತು ವಾಸನೆಯ ವಿವರ ರಿಜಿಸ್ಟರಿನಲ್ಲಿದೆ, ಇಲ್ಲಿ ಬೇಡ.

ಮರಿ ಮಾಡುವ ಯಂತ್ರವನ್ನು 37.5 ಡಿಗ್ರಿಗೆ ಹಚ್ಚಿ, ತೇವ ನೋಡಿ, ತತ್ತಿ ಹೊರಳಿಸಿ, ಕರೆಂಟು ಹೋದಾಗ ಕಂಬಳಿ ಹೊದಿಸಿ ಒದ್ದಾಡುವವರಿದ್ದಾರೆ. ಈಕೆ ಕೊಕ್ಕಿನಿಂದ ತಾನೇ ಹೊರಳಿಸುತ್ತಾಳೆ. ಬಾತಿನ ತತ್ತಿ ಇಟ್ಟರೆ 28 ದಿನವೂ ಕೂರುತ್ತಾಳೆ. ದಿನ ಎಣಿಸುವ ಕೆಲಸ ಸುಬೇದಾರರದು.

ಏಳನೆಯ ರಾತ್ರಿ ಟಾರ್ಚಿನ ಬಾಯಿಗೆ ರಟ್ಟು ಸುತ್ತಿ ತತ್ತಿ ಹಿಡಿದು ನೋಡಿದರು. ಆರರಲ್ಲಿ ಕೆಂಪು ನರಗಳು ಜೇಡನ ಕಾಲಿನಂತೆ ಹರಡಿದ್ದವು. ಒಂದು ಖಾಲಿ ಬಲ್ಬಿನಂತೆ ಸ್ವಚ್ಛ. “ಜೊಳ್ಳು,” ಎಂದರು ಮನೆಯವರು. 18ನೆಯ ದಿನದಿಂದ ಕೋಳಿಯನ್ನು ಎತ್ತುವುದೂ ಬಂದ್. ಸುಬೇದಾರರು ಅರ್ಧ ದಿನ ಮಂಕಾಗಿದ್ದರು.

ಫೆಬ್ರುವರಿ 3ರ ಸಂಜೆ ತತ್ತಿಯೊಳಗಿಂದ ಚಿಂವ್ ಎಂಬ ಸದ್ದು. ಕೋಳಿ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಿತು. ಒಂದರ ಚಿಪ್ಪಿನಲ್ಲಿ ಬಿರುಕು. ಆಮೇಲೆ ತಾಸುಗಟ್ಟಲೆ ಏನೂ ಇಲ್ಲ. ಸುಬೇದಾರರು ಚಿಮುಟ ಹಿಡಿದು ಬಂದರು. “ಕೈ ಹಚ್ಚಬ್ಯಾಡ್ರಿ,” ಎಂದು ಮನೆಯವರು ಚಿಮುಟ ಕಸಿದುಕೊಂಡರು. ಒಳಗಿನ ರಕ್ತನಾಳ ಒಣಗಿ, ಉಳಿದ ಹಳದಿ ಮರಿಯ ಹೊಟ್ಟೆಗೆ ಸೇರಲು ಆ ಬಿಡುವು ಬೇಕು. ಅವಸರಕ್ಕೆ ಬಿಡಿಸಿದರೆ ರಕ್ತ ಬಂದು ಮರಿ ಸಾಯಬಹುದು.

ಬೆಳಿಗ್ಗೆ ಎಂಟಕ್ಕೆ ಎರಡು ಒದ್ದೆ ತಲೆಗಳು ಅರಳೆಯಿಂದ ಇಣುಕಿದವು. ಸುಬೇದಾರರು ನೆರೆಮನೆಯ ಬ್ಲೇಜರ್ ತೊಟ್ಟು ಹೊರಟರು. ತೋಳು ಎರಡಿಂಚು ಗಿಡ್ಡ. ಎದೆ ಬೋಳು. ಹಳೆಯ ಜೊತೆಗಾರರು ಸುತ್ತುವರಿದು, “ಮೆಡಲ್ ಎಲ್ಲಿ ಸಾಹೇಬ್ರ?” ಎಂದರು.

“ಕಾವಿಗೆ ಕುಂತಾವು,” ಎಂದರು ಸುಬೇದಾರರು.

ಸಂಜೆ ಬರುವಷ್ಟರಲ್ಲಿ ಮರಿಗಳು ಐದಾಗಿದ್ದವು. ಮನೆಯವರು ಖಾನಾಪುರದ ಮಣ್ಣಿನ ತಟ್ಟೆಯಲ್ಲಿ, ಮರಿ ಮುಳುಗದಂತೆ ಹರಳು ಹಾಕಿ, ನೀರಿಟ್ಟಿದ್ದರು. ಆರನೆಯ ತತ್ತಿ ಇನ್ನೂ ಸುಮ್ಮನಿತ್ತು. ಸುಬೇದಾರರು ಬ್ಲೇಜರ್ ಬಿಚ್ಚದೆ ಟ್ರಂಕಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ರಿಜಿಸ್ಟರ್ ತೆರೆದರು.