ಸರಿರಾತ್ರಿಯ ಸಾಹೇಬರು

ಸಂದರ್ಶನಕ್ಕೆ ಸಮಯ ಕೇಳಿದಾಗ ‘ರಾತ್ರಿ ಬ್ಯಾಚಿನ ವಾರ ಬನ್ನಿ’ ಎಂಬ ಉತ್ತರ ಬಂತು. ಗಂಟೆ ಹೇಳಲಿಲ್ಲ, ದೊಡ್ಡವರು ಹೇಳುವುದಿಲ್ಲ. ಚನ್ನಗಿರಿ ಕಡೆಯ ಒಂದು ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ರಾತ್ರಿ ಒಂದೂಕಾಲಿಗೆ ಸ್ಟಾರ್ಟರ್ ಡಬ್ಬಿ ‘ಟಕ್’ ಎಂದಿತು. ತ್ರೀ ಫೇಸ್ ಕರೆಂಟ್ ಸಾಹೇಬರು ದಯಮಾಡಿಸಿದ್ದರು.

ಪ್ರಶ್ನೆ: ನಮಸ್ಕಾರ ಸಾಹೇಬ್ರೆ. ಬರೋದು ಇಷ್ಟು ಹೊತ್ತಾಯ್ತಲ್ಲ?

ಉತ್ತರ: ಇದೇ ನನ್ನ ಹೊತ್ತು. ಸಂಜೆ ಆಯ್ತು ಅಂದ್ರೆ ಊರಿಗೂರೇ ಸ್ವಿಚ್ ಒತ್ತುತ್ತೆ. ಅವರೆಲ್ಲ ಮಲಗಿದ ಮೇಲೂ ರಾಯಚೂರಿನಲ್ಲಿ ಕಲ್ಲಿದ್ದಲು ಉರೀತಾನೇ ಇರುತ್ತೆ. ಬೇಕೆಂದಾಗ ಆರಿಸಿ ಬೇಕೆಂದಾಗ ಹಚ್ಚೋ ಘಟಕ ಅಲ್ಲ ಅದು. ಆ ಕರೆಂಟ್ ಕುಡಿಯೋಕೆ ಯಾರಾದ್ರೂ ಬೇಕಲ್ಲ? ಹತ್ತು ಎಚ್‌ಪಿ ತನಕ ನಿಮ್ಮ ಮೋಟರಿಗೆ ಬಿಲ್ಲಿಲ್ಲ. ಪುಕ್ಕಟೆ ನೆಂಟನಿಗೆ ಕೊನೇ ಪಂಕ್ತಿ.

ಪ್ರಶ್ನೆ: ಆದರೆ ಮೋಟರಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ...

ಉತ್ತರ: ಮೋಟರಿಗೆ ಏಳು ಗಂಟೆ ಕೊಡ್ತೀವಿ ಅಂತ ಸರ್ಕಾರವೇ ಹೇಳಿದೆ. ಅಧಿವೇಶನದಲ್ಲಿ ಚರ್ಚೆ ಆಗುತ್ತೆ, ಅರ್ಧ ಗಂಟೆ ಕಡಿಮೆ ಆದ್ರೆ ಹೆದ್ದಾರಿ ಬಂದ್ ಆಗುತ್ತೆ. ಮನುಷ್ಯನಿಗೆ ಎಷ್ಟು ಬೇಕಂತೆ?

ಪ್ರಶ್ನೆ: ನಿದ್ದೆಯ ವೈದ್ಯರ ಪ್ರಕಾರ ದೊಡ್ಡವರಿಗೆ ಕನಿಷ್ಠ ಏಳು ಗಂಟೆ.

ಉತ್ತರ: ನೋಡಿ, ಲೆಕ್ಕ ಸರಿಹೋಯ್ತು! ಏಳು ಬಂದೇ ಬರುತ್ತೆ. ಯಾರ ಖಾತೆಗೆ ಅನ್ನೋದು ನನ್ನ ವ್ಯಾಪ್ತಿಗೆ ಬರಲ್ಲ.

ಪ್ರಶ್ನೆ: ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಅಂತ ಬ್ಯಾಚು ಬದಲಾಗುತ್ತೆ. ದೇಹದೊಳಗೂ ಒಂದು ಗಡಿಯಾರ ಇದೆ ಅನ್ನೋದು ತಮಗೆ ಗೊತ್ತಾ?

ಉತ್ತರ: ಯಾವ ಸೆಕ್ಷನ್ನಿಗೆ ಸೇರುತ್ತೆ ಅದು?

ಪ್ರಶ್ನೆ: ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿ ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗುಂಪು. ಬೆಳಕು ನೋಡಿ ವೇಳೆ ಹೊಂದಿಸಿಕೊಳ್ಳುತ್ತೆ. ಮೈಯ ಶಾಖ ಇಳಿಯೋದು ಏರೋದು, ಹಸಿವು, ರಕ್ತದೊತ್ತಡ ಎಲ್ಲದರಲ್ಲೂ ಅದರ ಕೈ ಇದೆ. ಹಣ್ಣುನೊಣದಲ್ಲಿ ಈ ಗಡಿಯಾರದ ಜೀನ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಕೊಟ್ಟರು.

ಉತ್ತರ: ನೊಣಕ್ಕೂ ಟೈಮ್‌ಟೇಬಲ್ಲೇ! ಇರಲಿ, ನಾವು ವಾರಕ್ಕೊಮ್ಮೆ ಬದಲಾಯಿಸಿದ ಹಾಗೆ ಅದನ್ನೂ ಬದಲಾಯಿಸಿಕೊಳ್ಳಲಿ.

ಪ್ರಶ್ನೆ: ಅದು ದಿನಕ್ಕೆ ಹೆಚ್ಚು ಕಡಿಮೆ ಒಂದೇ ಗಂಟೆ ಸರಿಯುತ್ತೆ ಸಾಹೇಬ್ರೆ. ರಾತ್ರಿಗೆ ಒಗ್ಗಿಕೊಳ್ಳೋ ಹೊತ್ತಿಗೆ ತಮ್ಮ ವಾರ ಮುಗಿದಿರುತ್ತೆ.

ಉತ್ತರ: ಹಾಗಾದ್ರೆ ಆಟೋ ಸ್ಟಾರ್ಟರ್ ಹಾಕಿಕೊಂಡು ಮಲಗಲಿ.

ಪ್ರಶ್ನೆ: ಆಟೋ ಸ್ಟಾರ್ಟರ್ ತೆಗೀರಿ ಅಂತ ನಿಮ್ಮವರೇ ಹೇಳ್ತಾರಲ್ಲ?

ಉತ್ತರ: ಹೌದು ಮತ್ತೆ! ನಾನು ಬಂದ ಕ್ಷಣ ಎಲ್ಲ ಮೋಟರೂ ಒಟ್ಟಿಗೆ ಎದ್ದರೆ ಟಿ.ಸಿ., ಅಂದ್ರೆ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗುತ್ತೆ. ಟಿ.ಸಿ. ಸುಟ್ಟರೆ ರಿಪೋರ್ಟ್ ಬರೀಬೇಕು. ರೈತ ನಿದ್ದೆಗೆಟ್ಟರೆ ಯಾವ ರಿಪೋರ್ಟೂ ಇಲ್ಲ.

(ಆಟೋ ಸ್ಟಾರ್ಟರ್ ಇದ್ದರೂ ವಾಲ್ವ್ ತಿರುಗಿಸಲು, ಮಡಿಯಿಂದ ಮಡಿಗೆ ನೀರು ಕಟ್ಟಲು ಕೈಗಳೇ ಬೇಕು. ನೀರು ಕಟ್ಟುವ ಗಂಡನಿಗೆ ಬ್ಯಾಟರಿ ಹಿಡಿದು ನಿಲ್ಲುವ ಮನೆಯಾಕೆ ಐದಕ್ಕೆ ಎಮ್ಮೆ ಕರೆಯಬೇಕು. ಅಡಿಕೆ ಸೀಸನ್ನಿನಲ್ಲಿ ಸುಲಿಯೋ ಕೆಲಸವೂ ರಾತ್ರಿಗೇ ಬೀಳುತ್ತದೆ, ಹಸಿ ಕಾಯಿ ನಾಳೆಯವರೆಗೆ ಕಾಯುವುದಿಲ್ಲ. ಈ ಹೆಂಗಸರ ಬ್ಯಾಚು ಬದಲಾಗುವುದೇ ಇಲ್ಲ.)

ಪ್ರಶ್ನೆ: 1999ರಲ್ಲಿ ಶಿಕಾಗೋದಲ್ಲಿ 11 ಜನ ಗಟ್ಟಿಮುಟ್ಟಾದ ಹುಡುಗರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರು. ಅವರ ದೇಹ ಸಕ್ಕರೆ ಅರಗಿಸಿಕೊಳ್ಳೋ ಶಕ್ತಿಯೇ ಕುಗ್ಗಿತು.

ಉತ್ತರ: ಹೊನ್ನಾಳಿ, ನ್ಯಾಮತಿಯಲ್ಲೂ ಶುಗರ್ ಇರೋರು ಬೇಕಾದಷ್ಟು ಜನ. ಡಾಕ್ಟ್ರು ‘ಅನ್ನ ಕಮ್ಮಿ ಮಾಡಿ’ ಅಂತಾರೆ, ‘ವಾಕಿಂಗ್ ಮಾಡಿ’ ಅಂತಾರೆ. ‘ನಿಮ್ಮದು ಯಾವ ಬ್ಯಾಚು’ ಅಂತ ಒಬ್ಬರೂ ಕೇಳಿಲ್ಲ. ನನ್ನ ಹೆಸರು ಎಲ್ಲೂ ಬಂದಿಲ್ಲ ಅಂದ್ಮೇಲೆ ನಾನು ನಿರಪರಾಧಿ.

ಪ್ರಶ್ನೆ: ಬೆಳಿಗ್ಗೆ ಐದಕ್ಕೆ ಎದ್ದವನು ರಾತ್ರಿ ಹತ್ತಕ್ಕೆ 17 ಗಂಟೆ ಎಚ್ಚರ ಇದ್ದಂತಾಯ್ತು. ಅಷ್ಟು ನಿದ್ದೆಗೆಟ್ಟವನ ಚುರುಕು ರಕ್ತದಲ್ಲಿ ಶೇ. 0.05 ಮದ್ಯ ಇರೋನಷ್ಟೇ ಅಂತ 1997ರಲ್ಲಿ ಆಸ್ಟ್ರೇಲಿಯಾದವರು ಅಳೆದರು. ನಮ್ಮ ಕಾನೂನಿನ ಮಿತಿ 0.03. ತಾವು ಬರೋದು ಒಂದೂಕಾಲಿಗೆ. ಅವನು ಏರಿ ಮೇಲೆ ಬೈಕ್ ಓಡಿಸ್ತಾ ಇರ್ತಾನೆ.

ಉತ್ತರ: ಪೊಲೀಸರು ಊದಿಸಿದರೂ ಏನೂ ಬರಲ್ಲ ಬಿಡಿ.

ಪ್ರಶ್ನೆ: ಕತ್ತಲಲ್ಲಿ ಕೊಳಕುಮಂಡಲ ಇರುತ್ತೆ. ಜಗಳೂರಿನ ಕಡೆ ಕರಡಿ.

ಉತ್ತರ: ಜಗಳೂರು ಅಂದ್ರಿ, ಒಂದು ಮಾತು. ಅಲ್ಲಿ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಇದೆ ನೋಡಿ. ನಾಲ್ಕು ಕೊಂಬು, ನಾಚಿಕೆ ಸ್ವಭಾವ, ಮೇಯೋದೆಲ್ಲ ಹಗಲು. ಅದಕ್ಕೆ ಸರ್ಕಾರ ಅಭಯಾರಣ್ಯ ಮಾಡಿಕೊಟ್ಟಿದೆ. ನಿಮ್ಮ ರೈತನೂ ಹಗಲು ಪ್ರಾಣಿಯೇ ಅಂತ ಯಾರಾದ್ರೂ ಅರ್ಜಿ ಕೊಟ್ಟಿದ್ದಾರಾ? ಪಾಪ, ಅಲ್ಲಿ ಬೋರಿನಲ್ಲಿ ಅರ್ಧ ಗಂಟೆಗೇ ನೀರು ನಿಂತುಹೋಗುತ್ತೆ, ಮತ್ತೆ ಊರೋ ತನಕ ಅವನು ಬದುವಿನ ಮೇಲೆ ಕೂತಿರ್ತಾನೆ. ಏಳು ಗಂಟೆಯೂ ನಾನಿರ್ತೀನಿ, ನೀರಿರಲ್ಲ.

ಪ್ರಶ್ನೆ: ಪಾವಗಡದಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ತಿದೆ. ಪಂಪ್‌ಸೆಟ್ಟಿಗೆ ಸೌರ ವಿದ್ಯುತ್ ಕೊಡೋ ಪಿಎಂ ಕುಸುಮ್ ಅಂತ ಯೋಜನೆಯೂ ಬಂದಿದೆ. ಹಗಲೇ ಬರಬಹುದಲ್ಲ ಇನ್ನು?

ಉತ್ತರ: ಬರಬಹುದು. ಸೂರ್ಯ ಹುಟ್ಟೋದು ಹಗಲೇ ಅನ್ನೋದು ಇಲಾಖೆಗೂ ತಿಳಿದಿದೆ. ನಿಮ್ಮ ಫೀಡರಿಗೆ ಯಾವಾಗ ಅಂತ ಕೇಳಬೇಡಿ, ಟೆಂಡರಿನ ಮಾತು ಕರೆಂಟಿನ ಬಾಯಲ್ಲಿ ಬರಬಾರದು.

ಪ್ರಶ್ನೆ: ಕೊನೇ ಪ್ರಶ್ನೆ. ತಾವು ವಿಶ್ರಾಂತಿ ತಗೊಳ್ಳೋದೇ ಇಲ್ವಾ?

ಉತ್ತರ: ಇದೆಯಲ್ಲ, ತುರ್ತು ನಿರ್ವಹಣೆ ಕೆಲಸ ಅಂತ. ಬೆಳಿಗ್ಗೆ 10ರಿಂದ ಸಂಜೆ 5, ಎಣಿಸಿ ನೋಡಿ, ಸರಿಯಾಗಿ ಏಳು ಗಂಟೆ. ಹಿಂದಿನ ದಿನವೇ ಪೇಪರಿಗೆ ಕೊಡ್ತಾರೆ, ಗ್ರಾಹಕರು ಸಹಕರಿಸಬೇಕು ಅಂತ.