ಉಸಿರು ಬಿಡಿ, ಅಳತೆ ತಗೋಬೇಕು

ನಿಮ್ಮ ಪ್ಯಾಂಟ್ ಸೈಜ್ ಎಷ್ಟು ಸ್ವಾಮಿ? 32ರಾ? ಕಾಲೇಜಿಂದಲೂ ಅದೇನಾ? ಭೇಷ್! ಆದ್ರೆ ಕಾಲೇಜಲ್ಲಿ ಆ ಪ್ಯಾಂಟು ಹೊಕ್ಕುಳ ಹತ್ರ ನಿಲ್ತಿತ್ತು. ಈಗ ಎಲ್ಲಿ ನಿಂತಿದೆ? (ಬಗ್ಗಿ ನೋಡೋಕೆ ಹೋಗ್ಬೇಡಿ, ಹೊಟ್ಟೆ ಅಡ್ಡ ಬರುತ್ತೆ.)

ಹೊಲಿಗೆ ಮೆಷಿನ್ ಡ್ರಾಯರ್‌ನಲ್ಲಿ ಟೈಲರಿಂಗ್ ಟೇಪು ಇರುತ್ತಲ್ಲ, ತನ್ನಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ. ಹಾಂ, ನೋಡಿದೆ ನೋಡಿದೆ, ಉಸಿರು ಒಳಗೆ ಎಳ್ಕೊಂಡ್ರಿ! ಬಿಡಿ. ಇನ್ನೂ ಬಿಡಿ. ನಮ್ಮ ಕಡೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದೇ ಲಕ್ಷ್ಮಣರೇಖೆ. ಯುರೋಪಿನ ಗಂಡಸರಿಗೆ 94ರ ತನಕ ರಿಯಾಯ್ತಿ ಉಂಟು.

ಇದೇನ್ರೀ ಪಕ್ಷಪಾತ ಅಂತೀರಾ? ಕೇಳಿ. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅಕ್ಕಪಕ್ಕ ನಿಂತು ಫೋಟೋ ತೆಗೆಸ್ಕೊಂಡು ಲ್ಯಾನ್ಸೆಟ್ ಪತ್ರಿಕೇಲಿ ಹಾಕಿಸಿದ್ರು. ಬಿಎಂಐ, ಅಂದ್ರೆ ಎತ್ತರ-ತೂಕದ ಲೆಕ್ಕ, ಇಬ್ಬರದೂ 22.3. ನೋಡೋಕೆ ಇಬ್ಬರೂ ತೆಳ್ಳಗೆ. ಮೈಕೊಬ್ಬು ಅಳೆದ್ರೆ ಯುಡ್ಕಿನ್ನರದು 9.1 ಪರ್ಸೆಂಟು, ನಮ್ಮ ಯಾಜ್ಞಿಕರದು 21.2!

ಯುಡ್ಕಿನ್‌ಗೆ ಮ್ಯಾರಥಾನ್ ಹುಚ್ಚು. ಯಾಜ್ಞಿಕರ ವ್ಯಾಯಾಮ? ಆಸ್ಪತ್ರೆ ಲಿಫ್ಟಿನ ಬಾಗಿಲು ಮುಚ್ಚೋದ್ರೊಳಗೆ ಓಡಿ ಹತ್ತೋದು! (ನಾನು ಕಟ್ಟಿದ ಕತೆ ಅಲ್ಲ, ಆ ಲೇಖನದಲ್ಲೇ ತಮಾಷೆ ಮಾಡ್ಕೊಂಡಿದಾರೆ.) ಆದ್ರೆ ವ್ಯಾಯಾಮ ಒಂದೇ ಕಾರಣ ಅಲ್ಲ, ನಮ್ಮ ಮಕ್ಕಳು ಹುಟ್ಟುವಾಗಲೇ ತೂಕ ಕಮ್ಮಿ, ಕೊಬ್ಬಿನ ಪಾಲು ಜಾಸ್ತಿ. ಹಾಗಾಗಿ 'ನಾನು ಕಡ್ಡಿ ಪೈಲ್ವಾನ್, ನಂಗೇನಾಗುತ್ತೆ' ಅನ್ನೋರೇ, ಒಂದು ಸಲ ಸೈಡಿಗೆ ತಿರುಗಿ ಕನ್ನಡಿ ನೋಡಿ.

ಈ ಹೊಟ್ಟೆ ಕೊಬ್ಬಿನ ಬಿಲ್ಲು ಹೃದಯಕ್ಕೂ ಬರುತ್ತೆ. ಅದರದ್ದೂ ಒಂದು ಲೆಕ್ಕ ಕೇಳಿ. 52 ದೇಶಗಳ ಹಾರ್ಟ್ ಅಟ್ಯಾಕ್‌ಗಳನ್ನ ನೋಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ಉಪಖಂಡದವರಿಗೆ ಮೊದಲ ಅಟ್ಯಾಕ್ 53ರ ಆಸುಪಾಸು. ಬೇರೆಯವರಿಗೆ ಹತ್ತಿರ ಹತ್ತಿರ 59. ಎಲ್ಲಾ ಕಡೆ ಲೇಟಾಗಿ ಹೋಗೋ ನಾವು ಇದೊಂದಕ್ಕೆ ಆರು ವರ್ಷ ಮುಂಚೆ ಹಾಜರ್!

2021ರಲ್ಲಿ ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, ಹೃದಯ ಕೈಕೊಟ್ಟು 46ಕ್ಕೇ ಹೋದಾಗ ಓಡಿದ್ರಿ ಇಸಿಜಿಗೆ. 2025ರಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ. ನೀವೂ ಇದ್ರಿ ಅಲ್ವಾ? ರಿಪೋರ್ಟು ನಾರ್ಮಲ್ ಬಂತು. ಆ ಖುಷೀಲಿ ಸೀದಾ ಹೋಟ್ಲಿಗೆ ಹೋಗಿ ಏನು ಆರ್ಡರ್ ಮಾಡಿದ್ರಿ, ಹೇಳ್ಲಾ? ಇಸಿಜಿ ಆ ಹೊತ್ತಿನ ವರದಿ ಕಣ್ರೀ, ಮುಂದಿನ ಹತ್ತು ವರ್ಷದ ಲೈಸೆನ್ಸ್ ಅಲ್ಲ.

ಮಾಸ್ಟರ್ ಚೆಕಪ್ ವಿಷಯಕ್ಕೆ ಬನ್ನಿ. ಅದಕ್ಕೆ ನಾಲ್ಕು ದಿನ ಮುಂಚೆ ಸ್ವೀಟ್ ಬಂದ್, ರಾತ್ರಿ ಬರೀ ಮುದ್ದೆ-ಸೊಪ್ಪಿನ ಸಾರು. ಮಂತ್ರಿ ಬರ್ತಾರೆ ಅಂತ ರಸ್ತೆಗೆ ಡಾಂಬರು ಬಳಿದ ಹಾಗೆ! ಆದ್ರೆ ಎಚ್‌ಬಿಎ1ಸಿ ಅನ್ನೋ ಟೆಸ್ಟು ರಕ್ತದ ಸಕ್ಕರೆಯ ಮೂರು ತಿಂಗಳ ಚರಿತ್ರೆ ಬಿಚ್ಚಿಡುತ್ತೆ. (ಆಫೀಸಿನ ಬರ್ತ್‌ಡೇ ಕೇಕೂ ಅದರಲ್ಲಿ ಜಮಾ.) ಜತೆಗೆ ರಕ್ತದಲ್ಲಿ ಲೈಪೊಪ್ರೋಟೀನ್-ಎ ಅನ್ನೋ ಕೊಬ್ಬಿನ ಕಣ ಇದೆ, ಜಾಸ್ತಿಯಾದ್ರೆ ಹೃದಯಕ್ಕೆ ಕುತ್ತು, ಅಪ್ಪ-ಅಮ್ಮನ ಕಡೆಯಿಂದ ಬರೋ ಪಿತ್ರಾರ್ಜಿತ. ಜೀವಮಾನದಲ್ಲಿ ಒಂದು ಸಲ ನೋಡಿಸಿದ್ರೂ ಸಾಮಾನ್ಯವಾಗಿ ಸಾಕು.

ವಾಕಿಂಗ್ ಮಾಡ್ತೀನಲ್ಲ ಅಂತೀರಿ. ಮಾಡ್ತೀರಿ, ಒಪ್ಪಿದೆ. ಪಾರ್ಕಲ್ಲಿ ಎರಡು ರೌಂಡು, ಅದರಲ್ಲಿ ಒಂದೂವರೆ ರೌಂಡು ರಾಜಕೀಯ. ಆಮೇಲೆ ಗೇಟ್ ಎದುರಿನ ದರ್ಶಿನೀಲಿ ಇಡ್ಲಿ ಜತೆ 'ವಡೆ ಡಿಪ್ ಮಾಡಪ್ಪಾ'. ಸಾಂಬಾರಲ್ಲಿ ಮುಳುಗಿದ ವಡೆ ಎಣ್ಣೆ ಬಿಟ್ಟುಬಿಡುತ್ತೆ ಅಂತ ನಿಮಗೆ ಹೇಳಿದ್ಯಾರು?

ಅಕ್ಕೋರೇ, ನೀವು ಕಿಸಿಕಿಸಿ ನಗ್ಬೇಡಿ. ಹಾರ್ಟ್ ಅಟ್ಯಾಕಿನ ಸೂಚನೆಯಾಗಿ ಬೆನ್ನು, ದವಡೆ ಹಿಡ್ಕೊಂಡು ಬೆವರು ಕಿತ್ಕೊಂಡು ಬಂದ್ರೂ 'ಕೆಲಸ ಜಾಸ್ತಿ ಆಯ್ತು, ಸುಸ್ತು' ಅಂತ ಇನ್ನೊಂದು ಚಪಾತಿ ಲಟ್ಟಿಸೋರು ನೀವೇ ತಾನೆ?

ಗಂಡಸರಿಗಂತೂ ಹೊಕ್ಕುಳಿಂದ ಗಂಟಲ ತನಕ ಏನಾದ್ರೂ ಅದು ಗ್ಯಾಸು. ಎದೆ ಹಿಂಡ್ತಾ ಇದ್ಯಾ? ಗ್ಯಾಸು. ಎಡಗೈ ಜೋಮಾ? ಗ್ಯಾಸು ಕೈಗಿಳಿದಿದೆ! ಜೀರಿಗೆ ಕಷಾಯ, ನಿಂಬೆ ಸೋಡಾ, ಪಕ್ಕದ ಮನೆಯವರು ಕೊಟ್ಟ ಮಾತ್ರೆ. ಅಷ್ಟರಲ್ಲಿ ಜೀವ ಉಳಿಸೋ ಮೊದಲ ಒಂದು ಗಂಟೆ ಖಲಾಸ್.

ಆ ಗಂಟೇಲಿ ತಾಲ್ಲೂಕಾಸ್ಪತ್ರೆಗಾದ್ರೂ ಹೋಗಿ. ಅಪ್ಪು ಹೆಸರಲ್ಲಿ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ಇಸಿಜಿ ನೋಡಿ, ಬೇಕಾದ್ರೆ ರಕ್ತದ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡ್ತಾರೆ. ಗ್ಯಾಸೇ ಆಗಿದ್ರೆ? ಆಗ್ಲಿ ಬಿಡಿ, ಮನೆಗೆ ಬಂದು ಹೆಂಡತಿ ಮುಂದೆ 'ನಾನು ಆಗ್ಲೇ ಹೇಳಿರ್ಲಿಲ್ವಾ' ಅಂತ ಜಂಭ ಕೊಚ್ಕೊಳ್ಳೋಕಾದ್ರೂ ನೀವಿರ್ತೀರಿ.